ಪಾರ್ಕಿನಲ್ಲಿ ಕಾರ್ಯಕ್ರಮದ ಬೋರ್ಡು, ಬ್ಯಾನರ್ ಹಾಕಲು ಅನುಮತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ ಬೆಂಗಳೂರಿನ ಪಾರ್ಕುಗಳಿಗೆ ಸಂಬಂಧಿಸಿದವು. ಬೇರೆ ಊರಿನಲ್ಲಿ ಎಲ್ಲಿ ವ್ಯತ್ಯಾಸವಾಗುತ್ತದೋ ಅಲ್ಲಲ್ಲೇ ಹೇಳಿದ್ದೇವೆ.

## ಶುರು ಮಾಡುವ ಮುನ್ನ

ನಮ್ಮ ಬೀದಿ ಪಾರ್ಕಲ್ಲಿ ಭಾನುವಾರ ಮಕ್ಕಳ ಚಿತ್ರಕಲೆ ಸ್ಪರ್ಧೆ ಇಟ್ಕೊಂಡಿದೀವಿ. ಒಂದೇ ಒಂದು ಬ್ಯಾನರ್ ಕಟ್ಟೋಕೂ ಪರ್ಮಿಷನ್ ಬೇಕಾ?

ಬೇಕು, ಅದೂ ಬರವಣಿಗೆಯಲ್ಲಿ. ಕರ್ನಾಟಕ ತೆರೆದ ಸ್ಥಳಗಳ (ವಿರೂಪಗೊಳಿಸುವಿಕೆ ತಡೆ) ಕಾಯ್ದೆ, 1981 ಅಂತ ಒಂದಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಹಾಕುವುದು ಈ ಕಾಯ್ದೆಯ ಪ್ರಕಾರ ಅಪರಾಧ. ಜೈಲು ಶಿಕ್ಷೆ ಆರು ತಿಂಗಳವರೆಗೂ ಇರಬಹುದು, ದಂಡವೂ ಬೀಳಬಹುದು. ‘ಜಾಹೀರಾತು’ ಅಂದ ಕೂಡಲೇ ಸೋಪು, ಸೈಟು ಮಾರುವ ಬೋರ್ಡು ಮಾತ್ರ ಅಂದುಕೊಳ್ಳಬೇಡಿ. ಅಕ್ಷರ ಅಥವಾ ಚಿತ್ರ ಇರುವ ಯಾವ ನೋಟೀಸೂ ಆ ಮಾತಿನೊಳಗೆ ಬರುತ್ತದೆ. ಸ್ವತಃ ಕಟ್ಟಿದರೂ ಅಷ್ಟೇ, ಇನ್ನೊಬ್ಬರ ಕೈಲಿ ಕಟ್ಟಿಸಿದರೂ ಅಷ್ಟೇ.

ಕಾಯ್ದೆ ಪಕ್ಕಕ್ಕಿಟ್ಟರೂ ಪಾರ್ಕು ನಿಮ್ಮ ಸ್ವಂತ ಜಾಗವಲ್ಲ. ಅದನ್ನು ನೋಡಿಕೊಳ್ಳುವವರ ಒಪ್ಪಿಗೆ ಹೇಗೂ ಬೇಕೇ ಬೇಕು. ಒಂದು ಸಲ ಸರಿಯಾಗಿ ಅರ್ಜಿ ಹಾಕಿದರೆ ಮುಂದಿನ ವರ್ಷ ಅದೇ ಅರ್ಜಿಯ ದಿನಾಂಕ ಬದಲಿಸಿ, ಹಳೆಯ ಆದೇಶದ ಪ್ರತಿ ಲಗತ್ತಿಸಿದರೆ ಸಾಕಾಗುತ್ತದೆ. ಮೊದಲ ಸಲದ ಓಡಾಟ ಮಾತ್ರ ಹೆಚ್ಚು.

ಯಾವ ಪಾರ್ಕು ಯಾರ ಕೈಲಿದೆ ಅಂತ ಗೊತ್ತಾಗೋದು ಹೇಗೆ?

ಮೊದಲು ಗೇಟಿನ ಪಕ್ಕದ ಬೋರ್ಡು ನೋಡಿ. ಪಾರ್ಕಿನ ಹೆಸರು, ವಾರ್ಡ್ ಸಂಖ್ಯೆ, ಇಲಾಖೆಯ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಆದರೆ ಬೆಂಗಳೂರಿನಲ್ಲಿ ಅನೇಕ ಬೋರ್ಡುಗಳ ಮೇಲೆ ಇನ್ನೂ ಬಿಬಿಎಂಪಿ ಅಂತಲೇ ಇದೆ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ನಿಮ್ಮ ಪಾರ್ಕು ಐದರಲ್ಲಿ ಯಾವುದಕ್ಕೆ ಸೇರಿದೆ ಎಂದು ವಾರ್ಡ್ ಆಫೀಸಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ತಪ್ಪು ಪಾಲಿಕೆಗೆ ಹೋದ ಅರ್ಜಿ ತಾನಾಗಿ ಸರಿಯಾದ ಮೇಜಿಗೆ ಹೋಗುತ್ತದೆ ಎಂದು ನಂಬಿ ಕೂತರೆ ಕಾರ್ಯಕ್ರಮದ ದಿನ ಬಂದುಬಿಡುತ್ತದೆ.

ಕಬ್ಬನ್ ಪಾರ್ಕ್, ಲಾಲ್‌ಬಾಗ್ ಪಾಲಿಕೆಯವಲ್ಲ, ರಾಜ್ಯದ ತೋಟಗಾರಿಕೆ ಇಲಾಖೆಯವು. ಹೊಸ ಬಡಾವಣೆಯ ಪಾರ್ಕಾದರೆ ಬಿಡಿಎ ಪಾಲಿಕೆಗೆ ಹಸ್ತಾಂತರ ಮಾಡಿದೆಯೇ ಕೇಳಬೇಕು. ಮಾಡಿಲ್ಲವಾದರೆ ಅರ್ಜಿ ಬಿಡಿಎಗೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಕಡೆ ಮಹಾನಗರ ಪಾಲಿಕೆ, ಸಣ್ಣ ಊರುಗಳಲ್ಲಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ.

ಪಾರ್ಕ್ ನೋಡ್ಕೊಳ್ಳೋದೇ ನಮ್ಮ ನಿವಾಸಿಗಳ ಸಂಘ. ನಮಗೆ ನಾವೇ ಪರ್ಮಿಷನ್ ಕೊಟ್ಕೋಬಹುದಲ್ವಾ?

ಆಗುವುದಿಲ್ಲ. ನಿರ್ವಹಣೆಯ ಹೊಣೆ ಬೇರೆ, ಒಡೆತನ ಬೇರೆ. ಗಿಡಕ್ಕೆ ನೀರು, ಗುಡಿಸುವವರ ಸಂಬಳ, ಬೆಂಚಿನ ಬಣ್ಣ ಇಷ್ಟನ್ನು ಸಂಘ ವಹಿಸಿಕೊಂಡಿರಬಹುದು. ಅನುಮತಿ ಕೊಡುವ ಅಧಿಕಾರ ಅದರ ಜೊತೆಗೆ ಬಂದಿರುವುದಿಲ್ಲ. ಪಾಲಿಕೆ ಜೊತೆ ಒಪ್ಪಂದ ಪತ್ರ ಇದ್ದರೆ ತೆಗೆದು ಓದಿ, ಬೋರ್ಡಿನ ಬಗ್ಗೆ ಒಂದು ಷರತ್ತು ಅದರಲ್ಲೇ ಇದ್ದೀತು. ಸಂಘದ ಪತ್ರವನ್ನು ಅರ್ಜಿಯ ಜೊತೆ ಲಗತ್ತಿಸುವುದಂತೂ ಒಳ್ಳೆಯದು. ಪಾರ್ಕಿಗೆ ದಿನಾ ಬರುವವರಿಗೇ ಆಕ್ಷೇಪಣೆ ಇಲ್ಲ ಎಂದಾಗ ಅಧಿಕಾರಿಗೂ ಸಹಿ ಹಾಕಲು ಹಿಂಜರಿಕೆ ಇರುವುದಿಲ್ಲ.

ಮಾಲಿ ‘ಹಾಕ್ಕೊಳ್ಳಿ ಸಾರ್’ ಅಂದ್ರು, ಎಂಎಲ್‌ಎ ಆಫೀಸಿಂದಲೂ ಫೋನ್ ಮಾಡ್ಸಿದೀವಿ. ಅಷ್ಟು ಸಾಲದಾ?

ಸಾಲದು. ಬಾಯಿಮಾತಿನ ಒಪ್ಪಿಗೆ ದೂರು ಬರುವವರೆಗೆ ಮಾತ್ರ. ಬೆಳಗಿನ ವಾಕಿಂಗಿಗೆ ಬಂದ ಒಬ್ಬರು ಫೋಟೋ ತೆಗೆದು ದೂರು ಕೊಟ್ಟರೆ ಮೊದಲು ತೊಂದರೆಗೆ ಸಿಕ್ಕುವವರು ಆ ಮಾಲಿಯೇ. ಗುತ್ತಿಗೆ ಕೆಲಸದವರು, ಅವರ ಕೆಲಸಕ್ಕೆ ಸಂಚಕಾರ ತರಬೇಡಿ. ಜನಪ್ರತಿನಿಧಿಯ ಪತ್ರ ಶಿಫಾರಸು ಅಷ್ಟೇ, ಆದೇಶವಲ್ಲ.

## ಅರ್ಜಿ ಹಾಕುವುದು

ಜಾಗ ಬಳಸೋಕೆ ಪರ್ಮಿಷನ್ ಸಿಕ್ಕಿದೆ. ಬ್ಯಾನರ್‌ಗೂ ಬೇರೆ ತಗೋಬೇಕಾ?

ಕೈಯಲ್ಲಿರುವ ಆದೇಶ ಪತ್ರದಲ್ಲಿ ಬೋರ್ಡು, ಬ್ಯಾನರ್ ಎಂಬ ಮಾತು ಇದೆಯೇ ನೋಡಿ. ಇಲ್ಲದಿದ್ದರೆ ಆ ಅನುಮತಿ ಜನ ಸೇರುವುದಕ್ಕೆ ಮಾತ್ರ. ಪಾರ್ಕಿನ ಜಾಗವನ್ನು ನೋಡುವುದು ಪಾಲಿಕೆಯ ತೋಟಗಾರಿಕೆ ವಿಭಾಗ, ಜಾಹೀರಾತನ್ನು ನೋಡುವುದು ಇನ್ನೊಂದು ವಿಭಾಗ. ಒಂದರ ಕಡತ ಇನ್ನೊಂದಕ್ಕೆ ಹೋಗಿರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆದ್ದರಿಂದ ಮೊದಲ ಅರ್ಜಿಯಲ್ಲೇ ಎರಡನ್ನೂ ಕೇಳಿ, ಜಾಹೀರಾತು ವಿಭಾಗಕ್ಕೆ ಒಂದು ಪ್ರತಿ ಕೊಡಿ. ಪಾರ್ಕಿನ ಒಳಗೆ ಮಾತ್ರ ಬೋರ್ಡು ಇಡುವುದಾದರೆ ತೋಟಗಾರಿಕೆಯವರ ಆದೇಶದಲ್ಲೇ ಅದನ್ನು ಸೇರಿಸಿಕೊಡಿ ಎಂದು ಕೇಳಬಹುದು. ಬೇಲಿಯ ಹೊರಮುಖಕ್ಕೆ, ರಸ್ತೆಗೆ ಕಾಣುವಂತೆ ಕಟ್ಟುವುದಾದರೆ ಜಾಹೀರಾತು ವಿಭಾಗದ ಒಪ್ಪಿಗೆ ಇಲ್ಲದೆ ಮುಂದುವರಿಯಬೇಡಿ.

ಎಷ್ಟು ದಿನ ಮುಂಚೆ ಕೊಡಬೇಕು?

ಸಣ್ಣ ಕಾರ್ಯಕ್ರಮಕ್ಕೆ 15 ದಿನ, ವೇದಿಕೆ, ಮೈಕು, ಪ್ರಾಯೋಜಕರು ಎಲ್ಲ ಇದ್ದರೆ 30 ದಿನ. ಇದು ನಿಯಮವಲ್ಲ, ಕಡತ ನಡೆಯುವ ದಾರಿಯ ಲೆಕ್ಕ. ಅರ್ಜಿ ಟಪಾಲಿಗೆ ಬೀಳುತ್ತದೆ, ಅಲ್ಲಿಂದ ಅಧಿಕಾರಿಯ ಮೇಜಿಗೆ ಹೋಗುತ್ತದೆ, ಸಿಬ್ಬಂದಿ ಬಂದು ಜಾಗ ನೋಡುತ್ತಾರೆ, ಟಿಪ್ಪಣಿ ಬರೆಯುತ್ತಾರೆ, ಚಲನ್ ಕಟ್ಟಿದ ಮೇಲೆ ಆದೇಶ. ನಡುವೆ ಒಂದು ಎರಡನೇ ಶನಿವಾರ, ಒಂದು ಹಬ್ಬ ಬಂದೇ ಬರುತ್ತವೆ. ನವೆಂಬರ್ ರಾಜ್ಯೋತ್ಸವಗಳಿಗೆ, ಜೂನ್ 21ರ ಯೋಗ ದಿನಕ್ಕೆ ಒಂದೇ ಪಾರ್ಕನ್ನು ಮೂರು ನಾಲ್ಕು ಸಂಘದವರು ಕೇಳುತ್ತಾರೆ. ಅಂಥ ಸಮಯಕ್ಕೆ ಇನ್ನೂ ಮುಂಚೆ ಕೊಡಿ.

ಅರ್ಜಿಯಲ್ಲಿ ಏನೇನು ಬರೀಬೇಕು? ಒಂದು ಮಾದರಿ ಕೊಡಿ.

ಅಧಿಕಾರಿ ಎದ್ದು ಬಂದು ನೋಡದೆಯೂ ಕಣ್ಣಿಗೆ ಕಟ್ಟುವಂತಿರಬೇಕು. ಎಷ್ಟು ಬೋರ್ಡು, ಯಾವ ಅಳತೆ, ಯಾವುದರಿಂದ ಮಾಡಿದ್ದು, ಎಲ್ಲಿ, ಹೇಗೆ ನಿಲ್ಲಿಸುತ್ತೀರಿ, ಯಾವಾಗ ತೆಗೆಯುತ್ತೀರಿ, ಆ ದಿನ ಯಾರಿಗೆ ಫೋನ್ ಮಾಡಬೇಕು, ಇಷ್ಟಕ್ಕೂ ಉತ್ತರ ಇರಲಿ. ‘ಕೆಲವು ಬ್ಯಾನರ್‌ಗಳು’ ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ, ಇಲ್ಲವೇ ನಿಮಗೆ ಬೇಕಾದ್ದಕ್ಕಿಂತ ಕಡಿಮೆಗೆ ಒಪ್ಪಿಗೆ ಸಿಗುತ್ತದೆ.

> ಇಂದ: (ಅರ್ಜಿದಾರರ ಹೆಸರು, ಸಂಘದ ಹೆಸರು, ವಿಳಾಸ, ದೂರವಾಣಿ)
>
> ಗೆ: ತೋಟಗಾರಿಕೆ ವಿಭಾಗದ ಅಧಿಕಾರಿಗಳು, ……… ನಗರ ಪಾಲಿಕೆ
>
> ಮಾನ್ಯರೇ,
>
> ವಿಷಯ: ……… ಉದ್ಯಾನದಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆ ನಡೆಸಲು ಹಾಗೂ ತಾತ್ಕಾಲಿಕ ಸೂಚನಾ ಬೋರ್ಡುಗಳನ್ನು ಇಡಲು ಅನುಮತಿ ಕೋರಿ.
>
> ದಿನಾಂಕ ……… ರ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಮೇಲ್ಕಂಡ ಉದ್ಯಾನದಲ್ಲಿ ಸುಮಾರು 60 ಮಕ್ಕಳಿಗೆ ಉಚಿತ ಸ್ಪರ್ಧೆ ನಡೆಸಲು ಉದ್ದೇಶಿಸಿದ್ದೇವೆ. ಇದಕ್ಕಾಗಿ 6×3 ಅಡಿಯ 2 ಹತ್ತಿ ಬಟ್ಟೆಯ ಬ್ಯಾನರ್‌ಗಳನ್ನು (ಒಂದು ಮುಖ್ಯ ಗೇಟಿನ ಒಳಬದಿಯ ಗ್ರಿಲ್ಲಿಗೆ, ಇನ್ನೊಂದು ಸ್ಪರ್ಧೆಯ ಜಾಗದಲ್ಲಿ) ಮತ್ತು 2×3 ಅಡಿಯ 4 ಮರದ ಸ್ಟ್ಯಾಂಡ್ ಬೋರ್ಡುಗಳನ್ನು ನಡಿಗೆ ಹಾದಿಯ ಅಂಚಿನಲ್ಲಿ ಇಡಲು ಅನುಮತಿ ಕೋರುತ್ತೇವೆ. ಫ್ಲೆಕ್ಸ್ ಹಾಗೂ ಪ್ಲಾಸ್ಟಿಕ್ ಬಳಸುವುದಿಲ್ಲ. ಯಾವುದೇ ಮರಕ್ಕೆ ಮೊಳೆ ಹೊಡೆಯುವುದಾಗಲಿ, ಹಗ್ಗ ಕಟ್ಟುವುದಾಗಲಿ, ನೆಲ ಅಗೆಯುವುದಾಗಲಿ ಮಾಡುವುದಿಲ್ಲ. ಅಂದು ಬೆಳಿಗ್ಗೆ 7ಕ್ಕೆ ಇಟ್ಟು ಮಧ್ಯಾಹ್ನ 3ರೊಳಗೆ ಎಲ್ಲವನ್ನೂ ತೆರವುಗೊಳಿಸಿ ಜಾಗ ಸ್ವಚ್ಛ ಮಾಡುತ್ತೇವೆ. ಸ್ಥಳದಲ್ಲಿ ಜವಾಬ್ದಾರರು: (ಹೆಸರು, ಮೊಬೈಲ್).
>
> ಲಗತ್ತು: ಸ್ಥಳದ ನಕ್ಷೆ, ಬ್ಯಾನರ್ ವಿನ್ಯಾಸದ ಪ್ರತಿ, ಗುರುತಿನ ಚೀಟಿಯ ಪ್ರತಿ, ಸಂಘದ ನೋಂದಣಿ ಪತ್ರದ ಪ್ರತಿ.

ನಕ್ಷೆಗೆ ಎಂಜಿನಿಯರ್ ಬೇಡ. ಬಿಳಿ ಹಾಳೆಯ ಮೇಲೆ ಗೇಟು, ಹಾದಿ, ಹುಲ್ಲುಹಾಸು, ಆಟದ ಸಾಮಾನು ಗುರುತಿಸಿ ಬೋರ್ಡು ಇಡುವ ಜಾಗಕ್ಕೆ 1, 2, 3 ಎಂದು ಸಂಖ್ಯೆ ಹಾಕಿ. ಅದೇ ಸಂಖ್ಯೆಯನ್ನು ಬೋರ್ಡಿನ ಹಿಂದೆಯೂ ಬರೆದಿಟ್ಟರೆ ಪರಿಶೀಲನೆಗೆ ಬಂದವರಿಗೆ ಎರಡು ನಿಮಿಷದ ಕೆಲಸ. ಬೋರ್ಡಿನ ಎರಡೂ ಬದಿ ಅಕ್ಷರ ಇದ್ದರೆ ಹಾಗೆಂದು ಬರೆಯಿರಿ, ಅಳತೆಯ ಲೆಕ್ಕ ಅದರಿಂದ ಬದಲಾಗುತ್ತದೆ.

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಮತ್ತು ಸಂಖ್ಯೆ ಇರುವ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಮುಂದೆ ಎಲ್ಲ ವಿಚಾರಣೆಯೂ ಆ ಸಂಖ್ಯೆ ಹಿಡಿದೇ ನಡೆಯುತ್ತದೆ.

ಎಷ್ಟು ದುಡ್ಡು ಕಟ್ಟಬೇಕಾಗುತ್ತೆ?

ಮೂರು ಬಾಬ್ತು ಇರಬಹುದು: ಜಾಗದ ಬಾಡಿಗೆ, ಬೋರ್ಡಿನ ಶುಲ್ಕ, ಮತ್ತು ಹಾನಿಯಾದರೆ ಮುರಿದುಕೊಳ್ಳಲು ಠೇವಣಿ. ದರ ಪಾಲಿಕೆಯಿಂದ ಪಾಲಿಕೆಗೆ ಬೇರೆ. ಬೋರ್ಡಿನ ಶುಲ್ಕ ಸಾಮಾನ್ಯವಾಗಿ ಚದರಡಿ ಮತ್ತು ದಿನಗಳ ಮೇಲೆ ನಿಲ್ಲುತ್ತದೆ. ಮೇಲಿನ ಮಾದರಿ ಅರ್ಜಿಯ ಲೆಕ್ಕ ನೋಡಿ: 6×3ರ ಎರಡು ಅಂದರೆ 36 ಚದರಡಿ, 2×3ರ ನಾಲ್ಕು ಅಂದರೆ 24, ಒಟ್ಟು 60. ಅದೇ ಸ್ಟ್ಯಾಂಡುಗಳ ಎರಡೂ ಬದಿ ಬರೆಸಿದರೆ 84. ಪ್ರವೇಶ ಉಚಿತ, ಪ್ರಾಯೋಜಕರಿಲ್ಲ ಎಂದಾದರೆ ಶುಲ್ಕ ರಿಯಾಯಿತಿಗೆ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಹಣವನ್ನು ಚಲನ್, ಡಿಡಿ ಅಥವಾ ಆನ್‌ಲೈನ್ ಮೂಲಕ ಮಾತ್ರ ಕಟ್ಟಿ. ರಸೀದಿ ಇಲ್ಲದೆ ಕೈಗೆ ಕೊಟ್ಟ ದುಡ್ಡು ಶುಲ್ಕವಲ್ಲ, ನಾಳೆ ಅದನ್ನು ತೋರಿಸಿ ಬ್ಯಾನರ್ ಉಳಿಸಿಕೊಳ್ಳಲೂ ಆಗುವುದಿಲ್ಲ.

ಅರ್ಜಿ ಕೊಟ್ಟು ಹತ್ತು ದಿನ ಆಯ್ತು, ಉತ್ತರ ಇಲ್ಲ. ಸುಮ್ಮನಿದ್ದಾರೆ ಅಂದ್ರೆ ಒಪ್ಪಿಗೆ ಅಂತಲೇ ಅಲ್ವಾ?

ಅಲ್ಲ. ಇಲ್ಲಿ ಮೌನಕ್ಕೆ ಸಮ್ಮತಿಯ ಅರ್ಥವಿಲ್ಲ, ಕಾನೂನು ಕೇಳುವುದು ಲಿಖಿತ ಅನುಮತಿ. ಸ್ವೀಕೃತಿ ಸಂಖ್ಯೆ ಹಿಡಿದು ಖುದ್ದಾಗಿ ಹೋಗಿ ‘ಕಡತ ಈಗ ಯಾರ ಮೇಜಿನ ಮೇಲಿದೆ’ ಎಂದು ಕೇಳಿ. ಬಹಳ ಸಲ ನಿಂತಿರುವುದು ಒಂದು ಸಣ್ಣ ಕಾಗದಕ್ಕೆ: ನಕ್ಷೆ ಇಲ್ಲ, ಇಲ್ಲವೇ ಪೊಲೀಸ್ ಠಾಣೆಯ ಪತ್ರ ಇಲ್ಲ. ಅದು ಸಿಕ್ಕರೆ ಅಂದೇ ಕೆಲಸ ಮುಗಿಯುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಬಹುದಾದರೂ ಉತ್ತರಕ್ಕೆ 30 ದಿನ ಸಮಯ ಇರುತ್ತದೆ. ಮುಂದಿನ ವರ್ಷಕ್ಕೆ ಉಪಯೋಗವಾದೀತು, ಈ ಭಾನುವಾರಕ್ಕಲ್ಲ.

ಕೊನೆಗೂ ಸಿಗಲಿಲ್ಲವೆಂದರೆ ಬ್ಯಾನರ್ ಬಿಟ್ಟು ಕಾರ್ಯಕ್ರಮ ನಡೆಸಿ. ಗೇಟಿನ ಬಳಿ ಇಬ್ಬರು ಸ್ವಯಂಸೇವಕರು ನಿಂತು ದಾರಿ ತೋರಿಸಿದರೆ 60 ಮಕ್ಕಳ ಕಾರ್ಯಕ್ರಮಕ್ಕೆ ಧಾರಾಳ.

## ಬೋರ್ಡು ಮಾಡಿಸುವುದು, ನಿಲ್ಲಿಸುವುದು

ಫ್ಲೆಕ್ಸ್ ಹಾಕಬಾರದು ಅಂತಾರೆ. ಮತ್ತೆ ಯಾವುದರಲ್ಲಿ ಮಾಡಿಸೋದು?

ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್, ಪ್ಲಾಸ್ಟಿಕ್ ಬಾವುಟಗಳನ್ನೂ ನಿಷೇಧಿಸಿದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಕಟ್ಟುನಿಟ್ಟಾಗಿ ಹೇಳಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್‌ಗಳು ಇಳಿದವು. ‘100 ಮೈಕ್ರಾನ್‌ಗಿಂತ ದಪ್ಪ ಇದ್ದರೆ ಪರವಾಗಿಲ್ಲ’ ಎಂದು ಕೆಲವು ಪ್ರಿಂಟಿಂಗ್ ಅಂಗಡಿಯವರು ಹೇಳುತ್ತಾರೆ. ಅದು 2022ರ ಜುಲೈ 1ರಿಂದ ಬಂದ ಕೇಂದ್ರದ ನಿಯಮದ ಮಾತು. ರಾಜ್ಯದ ನಿಷೇಧದಲ್ಲಿ ಫ್ಲೆಕ್ಸ್ ಹೇಗಿದ್ದರೂ ಫ್ಲೆಕ್ಸೇ.

ಹತ್ತಿ ಬಟ್ಟೆಯಲ್ಲಿ ಮಾಡಿಸಿ. ಅಂಗಡಿಯಲ್ಲಿ ‘ಬಟ್ಟೆ’ ಎಂದು ಹೇಳಿ ಪ್ಲಾಸ್ಟಿಕ್ ಲೇಪ ಇರುವ ಹಾಳೆ ಕೊಡುವುದುಂಟು. ಪರೀಕ್ಷೆ ಸುಲಭ: ಮೂಲೆಯ ಮೇಲೆ ಒಂದು ಹನಿ ನೀರು ಬಿಡಿ. ಹತ್ತಿ ಆದರೆ ಹನಿ ಹರಡಿ ಹೀರಿಕೊಳ್ಳುತ್ತದೆ, ಲೇಪ ಇದ್ದರೆ ಮುತ್ತಿನ ಹಾಗೆ ನಿಲ್ಲುತ್ತದೆ. ಅಂಚು ಹರಿದು ನೋಡಿದರೆ ಎಳೆ ಬಿಚ್ಚಬೇಕು. ದಪ್ಪ ಬಟ್ಟೆ, ಸುತ್ತಲೂ ಮಡಚಿ ಹೊಲಿಗೆ, ನಾಲ್ಕು ಮೂಲೆ ಮತ್ತು ಮೇಲೆ ಕೆಳಗೆ ಪ್ರತಿ ಎರಡು ಅಡಿಗೊಂದು ಬಟ್ಟೆಯ ಲಾಡಿ, ಇಷ್ಟನ್ನು ಹೇಳಿ ಮಾಡಿಸಿ. ಲೋಹದ ರಿಂಗು ಹಾಕಿಸಿದರೆ ಗಾಳಿಗೆ ಮೊದಲು ಹರಿಯುವುದು ಅಲ್ಲೇ.

ಪ್ರತಿ ವರ್ಷ ನಡೆಯುವ ಕಾರ್ಯಕ್ರಮವಾದರೆ ದಿನಾಂಕವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಬೇಡಿ. ಬೇರೆ ಪಟ್ಟಿಯಲ್ಲಿ ಬರೆಸಿ ಟಾಕಿ ಹಾಕಿ. ಹೀಗೆ ಮಾಡಿದ ಬ್ಯಾನರ್ ಒಗೆದು ಮಡಚಿಟ್ಟರೆ ನಾಲ್ಕೈದು ವರ್ಷ ಬರುತ್ತದೆ.

ಎಷ್ಟು ದೊಡ್ಡದು ಮಾಡಿಸಬೇಕು? ಅಕ್ಷರ ದೂರಕ್ಕೆ ಕಾಣೋದಿಲ್ಲ ಅಂತ ಎಲ್ರೂ ದೂರ್ತಾರೆ.

ಅಕ್ಷರ ಕಾಣದಿರುವುದಕ್ಕೆ ಕಾರಣ ಬ್ಯಾನರ್ ಚಿಕ್ಕದಿರುವುದಲ್ಲ, ಮಾತು ಹೆಚ್ಚಿರುವುದು. ಆರಾಮಾಗಿ ಓದಲು 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು. ಗೇಟಿನ ಬ್ಯಾನರನ್ನು 30 ಅಡಿಯಿಂದ ಓದಬೇಕೆಂದರೆ 3 ಇಂಚು. ಕನ್ನಡಕ್ಕೆ ಇನ್ನೊಂದು ಲೆಕ್ಕ ಸೇರುತ್ತದೆ: ‘ಚಿತ್ರಕಲಾ ಸ್ಪರ್ಧೆ’ ಎಂದು ಬರೆದರೆ ತ-ಗೆ ರ, ಸ-ಗೆ ಪ ಒತ್ತು ಕೆಳಗೆ ಇಳಿಯುತ್ತದೆ. 3 ಇಂಚಿನ ಅಕ್ಷರಕ್ಕೆ ಒತ್ತಿನ ಜಾಗ ಇನ್ನೂ ಒಂದೂವರೆ ಇಂಚು, ಸಾಲುಗಳ ನಡುವೆ ಉಸಿರಾಡಲು ಒಂದು ಇಂಚು. ಅಂದರೆ ಸಾಲಿಗೆ ಐದೂವರೆ ಇಂಚು. 3 ಅಡಿ ಎತ್ತರದ ಬಟ್ಟೆಯಲ್ಲಿ ಅಂಚು ಕಳೆದು ಸಿಗುವುದು 30 ಇಂಚು, ಐದು ಸಾಲಿಗೆ ಅದು ಮುಗಿಯಿತು. ಏನು, ಯಾವಾಗ, ಎಲ್ಲಿ, ಯಾರಿಗೆ, ಫೋನ್ ನಂಬರ್. ಹತ್ತು ಜನ ಪದಾಧಿಕಾರಿಗಳ ಫೋಟೋಗೆ ಇಲ್ಲಿ ಜಾಗವೇ ಇಲ್ಲ, ಇರಬೇಕಾದ ಅಗತ್ಯವೂ ಇಲ್ಲ.

ಇನ್ನೊಂದು ಎಚ್ಚರಿಕೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಅಂಗಡಿಯ ಹಳೆಯ ಸಾಫ್ಟ್‌ವೇರ್‌ಗೆ ಅಂಟಿಸಿದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಅರ್ಕಾವತ್ತು ಬೇರೆ ಅಕ್ಷರದ ತಲೆಗೆ ಹೋಗಿ ಕೂರುತ್ತದೆ. ಪಿಡಿಎಫ್ ಮಾಡಿ ಕೊಡಿ. ಅಚ್ಚಿಗೆ ಮೊದಲು ಅವರ ಪರದೆಯ ಮೇಲೆ ಪ್ರತಿ ಪದವನ್ನೂ ಓದಿ. ಅರ್ಜಿಗೆ ಲಗತ್ತಿಸುವ ವಿನ್ಯಾಸವೂ ಇದೇ ಆಗಿರಲಿ. ಒಪ್ಪಿಗೆ ಸಿಕ್ಕ ಮೇಲೆ ವಿನ್ಯಾಸ ಬದಲಿಸಿದರೆ ಅನುಮತಿಗೂ ಬ್ಯಾನರಿಗೂ ತಾಳೆಯಾಗುವುದಿಲ್ಲ.

ಮೊಳೆ ಹೊಡೆಯಲ್ಲ, ಮರಕ್ಕೆ ಬರೀ ಹಗ್ಗ ಕಟ್ತೀವಿ. ಅದ್ರಲ್ಲೇನು ತಪ್ಪು?

ದಯವಿಟ್ಟು ಹಗ್ಗವನ್ನೂ ಕಟ್ಟಬೇಡಿ.

ತೊಗಟೆಯ ಒಳಮೈಯಲ್ಲೇ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು. ಅದಕ್ಕೆ ಅಂಟಿಕೊಂಡಿರುವ ತೆಳ್ಳನೆ ಜೀವಂತ ಪದರದಿಂದಲೇ ಮರ ದಪ್ಪವಾಗುವುದು. ಮೊಳೆ ಇವೆರಡನ್ನೂ ಸೀಳಿ ಹೋಗುತ್ತದೆ, ತುಕ್ಕು ಹಿಡಿಯುತ್ತದೆ, ಆ ತೂತಿನಿಂದ ಮಳೆನೀರು, ಶಿಲೀಂಧ್ರ ಒಳಗೆ ಸೇರುತ್ತವೆ. ಹಗ್ಗ ಹಾಗೆ ಚುಚ್ಚುವುದಿಲ್ಲ ನಿಜ. ಆದರೆ ಗಾಳಿಗೆ ಬ್ಯಾನರ್ ಎಳೆದಾಡಿದಂತೆ ತೊಗಟೆಯನ್ನು ಉಜ್ಜುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಬ್ಯಾನರನ್ನು ಕತ್ತರಿಸಿಕೊಂಡು ಹಗ್ಗವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ನೈಲಾನ್ ಹಗ್ಗ ಕೊಳೆಯುವುದಿಲ್ಲ, ಮರ ಮಾತ್ರ ದಪ್ಪವಾಗುತ್ತಾ ಹೋಗುತ್ತದೆ. ಯಾವುದಾದರೂ ಹಳೆಯ ಪಾರ್ಕಿನ ಹೊಂಗೆಯನ್ನು ಎದೆಮಟ್ಟದಲ್ಲಿ ಹತ್ತಿರದಿಂದ ನೋಡಿ: ಸೊಂಟಕ್ಕೆ ಉಡಿದಾರ ಬಿಗಿದಂತೆ ಒಂದು ಗೆರೆ, ಅದರ ಮೇಲೆ ತುಟಿಯ ಹಾಗೆ ಉಬ್ಬಿದ ತೊಗಟೆ, ಒಳಗೆ ಹೂತುಹೋದ ನೀಲಿ ಹಗ್ಗದ ತುಣುಕು. ಹಗ್ಗ ಪೂರ್ತಿ ಸುತ್ತಿ ಒಳಗೆ ಇಳಿದರೆ ಆಹಾರದ ದಾರಿಯೇ ಕಟ್ಟಿಹೋಗುತ್ತದೆ. ಮರ ಒಂದೇ ದಿನ ಸಾಯುವುದಿಲ್ಲ, ವರ್ಷಗಟ್ಟಲೆ ಸೊರಗುತ್ತದೆ. ಯಾವ ಬ್ಯಾನರಿನಿಂದ ಎಂದು ಅಷ್ಟು ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಮರಗಳ ರಕ್ಷಣೆಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಇದೆ. ಹಳೆಯ ಮೊಳೆ ಕಂಡರೆ ನೀವೇ ಕಿತ್ತು ಇನ್ನಷ್ಟು ಗಾಯ ಮಾಡಬೇಡಿ, ತೋಟಗಾರಿಕೆ ಸಿಬ್ಬಂದಿಗೆ ತೋರಿಸಿ.

ಬೇಲಿಯ ಗ್ರಿಲ್ಲಿಗೆ ಕಟ್ಟಿದ್ದ ಬ್ಯಾನರ್ ಗಾಳಿಗೆ ಗ್ರಿಲ್ ಸಮೇತ ಬಗ್ಗಿಬಿಡ್ತು. ಏನು ತಪ್ಪಾಯ್ತು?

ಬ್ಯಾನರ್ ಹಾಯಿಯಂತೆ ಕೆಲಸ ಮಾಡಿದೆ. 6×3 ಅಡಿಯ ಬಟ್ಟೆಗೆ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಎದುರಾಗಿ ಬೀಸಿದರೆ ಸುಮಾರು 15 ಕೆ.ಜಿ. ತೂಕದಷ್ಟು ಒತ್ತಡ ಬೀಳುತ್ತದೆ. ವೇಗ 60 ಆದರೆ ಒತ್ತಡ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು, 30 ಕೆ.ಜಿ. ಮೀರುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬರುವ ಗಾಳಿಗೆ ಇದು ಸಾಮಾನ್ಯ. ತುಕ್ಕು ಹಿಡಿದ ಬೆಸುಗೆ ತಡೆಯುವುದಿಲ್ಲ.

ನಾಲ್ಕು ಮೂಲೆಗೆ ಮಾತ್ರ ಬಿಗಿಯದೆ ಪ್ರತಿ ಎರಡು ಅಡಿಗೆ ಕಟ್ಟಿ, ಭಾರ ಹಂಚಿಹೋಗುತ್ತದೆ. ನೈಲಾನ್ ಬದಲು ಸೆಣಬಿನ ಸುತ್ತಲಿ ದಾರದಲ್ಲಿ, ಎಳೆದರೆ ಬಿಚ್ಚುವ ಗಂಟು ಹಾಕಿ. ಜೋರು ಗಾಳಿಗೆ ಮೊದಲು ಹರಿಯಬೇಕಾದ್ದು ದಾರ, ಗ್ರಿಲ್ಲಲ್ಲ. ಮೂಲೆಯ ಕಂಬದ ಬಳಿ ಕಟ್ಟುವುದು ನಡುವಿನ ಗ್ರಿಲ್ಲಿಗಿಂತ ಭದ್ರ. ಎರಡು ರಸ್ತೆ ಕೂಡುವ ಮೂಲೆಯಲ್ಲಾದರೆ ಕಟ್ಟಲೇಬೇಡಿ, ತಿರುಗುವ ಗಾಡಿಯವರಿಗೆ ಎದುರಿನದು ಮರೆಯಾಗುತ್ತದೆ.

ಹುಲ್ಲಿನ ಮೇಲೆ ಕೋಲು ನೆಟ್ಟು ಬೋರ್ಡು ನಿಲ್ಲಿಸಬಹುದಾ?

ಬೇಡ. ಹುಲ್ಲುಹಾಸಿನ ಕೆಳಗೆ ಕೆಲವೇ ಇಂಚು ಆಳದಲ್ಲಿ ನೀರಿನ ಪೈಪು, ದೀಪದ ಕಂಬಗಳಿಗೆ ಹೋಗುವ ಕೇಬಲ್ ಇರುತ್ತವೆ. ಯಾವುದು ಎಲ್ಲಿದೆ ಎಂದು ಮೇಲಿನಿಂದ ಗೊತ್ತಾಗುವುದಿಲ್ಲ. ಪೈಪು ಒಡೆದರೆ ಠೇವಣಿ ಹೋಗುತ್ತದೆ, ಕೇಬಲ್‌ಗೆ ಕಬ್ಬಿಣದ ಸಲಾಕೆ ತಗುಲಿದರೆ ಪ್ರಾಣವೇ ಹೋದೀತು. 10 ಲೀಟರಿನ ಬಕೆಟ್ಟಿಗೆ ಮರಳು ತುಂಬಿದರೆ ಸುಮಾರು 15 ಕೆ.ಜಿ. ಆಗುತ್ತದೆ. ಅದರಲ್ಲಿ ಬಿದಿರಿನ ಗಳ ನಿಲ್ಲಿಸಿ ಚಿಕ್ಕ ಬೋರ್ಡು ಕಟ್ಟಬಹುದು. ಕಾಲು ಅಗಲಿಸಿ ನಿಲ್ಲುವ ಮರದ ಸ್ಟ್ಯಾಂಡಾದರೆ ಕೆಳಗಿನ ಅಡ್ಡಪಟ್ಟಿಗೆ ಮರಳು ಚೀಲ ಇಡಿ. ಎಲ್ಲಿಟ್ಟರೂ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಸಲೀಸಾಗಿ ಹೋಗುವಂತೆ ಹಾದಿಯಲ್ಲಿ ನಾಲ್ಕು ಅಡಿ ಬಿಡಬೇಕು. ದೃಷ್ಟಿ ಇಲ್ಲದವರು ದಿನಾ ನಡೆಯುವ ಹಾದಿಯಲ್ಲಿ ಇಂದು ಹೊಸದಾಗಿ ಬಂದು ನಿಂತ ಬೋರ್ಡು ಅವರಿಗೆ ಗೋಡೆಯೇ.

ಮೇನ್ ರೋಡಿಂದ ಪಾರ್ಕಿಗೆ ದಾರಿ ತೋರಿಸೋ ಬಾಣದ ಬೋರ್ಡು?

ಪಾರ್ಕಿನ ಗೇಟು ದಾಟಿದರೆ ಪಾರ್ಕಿನ ಅನುಮತಿ ಮುಗಿಯಿತು. ಫುಟ್‌ಪಾತು ಪಾಲಿಕೆಯದು, ಕರೆಂಟ್ ಕಂಬ ಬೆಸ್ಕಾಮ್‌ನದು, ಸಂಚಾರ ಚಿಹ್ನೆಯ ಕಂಬಕ್ಕೆ ಏನನ್ನೂ ಕಟ್ಟುವಂತೆಯೇ ಇಲ್ಲ. ಕರೆಂಟ್ ಕಂಬ ಹತ್ತುವ ಕೆಲಸವನ್ನು ಯಾರಿಗೂ ಹೇಳಬೇಡಿ. ಫೋನಿನ ಲೊಕೇಶನ್ ಕಳಿಸಿ, ತಿರುವಿನ ಅಂಗಡಿಯವರನ್ನು ಕೇಳಿ ಅವರ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ.

## ಸ್ವಲ್ಪ ತೊಡಕಿನ ಪ್ರಶ್ನೆಗಳು

ಬ್ಯಾನರ್ ಖರ್ಚು ಒಬ್ಬ ಪ್ರಾಯೋಜಕರದ್ದು. ಅವರ ಅಂಗಡಿ ಹೆಸರು ಹಾಕಬಹುದಾ?

ಮುಚ್ಚಿಡದೆ ಅರ್ಜಿಯಲ್ಲೇ ಹೇಳಿ, ವಿನ್ಯಾಸದಲ್ಲೂ ತೋರಿಸಿ. ಅಂಗಡಿಯ ಹೆಸರು ಬಂದ ಕೂಡಲೇ ಅದು ವಾಣಿಜ್ಯ ಜಾಹೀರಾತು ಎನಿಸಿಕೊಳ್ಳಬಹುದು, ಶುಲ್ಕ ಬೇರೆಯಾಗಬಹುದು, ನಿರಾಕರಣೆಯೂ ಆಗಬಹುದು. ಹೆಸರು ಒಂದು ಸಾಲಿನಲ್ಲಿ ಕೆಳಗೆ, ಸಣ್ಣ ಅಕ್ಷರದಲ್ಲಿ ಇದ್ದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ನಮ್ಮ ಸಲಹೆ ಕೇಳಿದರೆ, ಪ್ರಾಯೋಜಕರ ಹೆಸರನ್ನು ಬಹುಮಾನದ ಪ್ರಮಾಣಪತ್ರದಲ್ಲಿ ಹಾಕಿ, ಪಾರ್ಕಿನ ಬೋರ್ಡಿನಲ್ಲಿ ಬಿಡಿ. ಪ್ರಮಾಣಪತ್ರ ಮನೆಮನೆಗೆ ಹೋಗುತ್ತದೆ, ಬ್ಯಾನರ್ ನಾಲ್ಕು ಗಂಟೆ ನಿಂತು ಇಳಿಯುತ್ತದೆ.

ಬೋರ್ಡು ಯಾವ ಭಾಷೇಲಿರಬೇಕು?

ಕನ್ನಡ ಮೇಲೆ, ದೊಡ್ಡದಾಗಿ ಇರಲಿ. ಶೇ. 60ರಷ್ಟು ಕನ್ನಡ ಎಂಬ 2024ರ ತಿದ್ದುಪಡಿ ಅಂಗಡಿ ಮುಂಗಟ್ಟು, ಸಂಸ್ಥೆಗಳ ನಾಮಫಲಕದ ಬಗ್ಗೆ ಹೇಳಿದ್ದು. ಒಂದು ದಿನದ ಸೂಚನಾ ಬೋರ್ಡಿಗೂ ಅದೇ ಅಳತೆ ಇಟ್ಟುಕೊಂಡರೆ ತಕರಾರಿಗೆ ಆಸ್ಪದವಿಲ್ಲ. ಬಡಾವಣೆಯಲ್ಲಿ ಬೇರೆ ಭಾಷೆಯವರೂ ಇದ್ದರೆ ಅವರಿಗಾಗಿ ಕೆಳಗೆ ಒಂದೆರಡು ಸಾಲು ಸೇರಿಸಿ.

ಕಬ್ಬನ್ ಪಾರ್ಕ್, ಲಾಲ್‌ಬಾಗಲ್ಲಿ ಪುಸ್ತಕ ಓದೋ ಗುಂಪಿಗೆ ಒಂದು ಬೋರ್ಡು ಇಡಬಹುದಾ?

ಇವೆರಡೂ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ (ಸಂರಕ್ಷಣಾ) ಕಾಯ್ದೆಯ ರಕ್ಷಣೆಯಲ್ಲಿರುವ ತೋಟಗಳು. ಇಲ್ಲಿ ಬಡಾವಣೆಯ ಪಾರ್ಕಿನಷ್ಟು ಸಡಿಲ ಇರುವುದಿಲ್ಲ, ಇರಲೂಬಾರದು. ಲಾಲ್‌ಬಾಗ್ 240 ಎಕರೆಯ ಸಸ್ಯತೋಟ, ಅಲ್ಲಿನ ಒಂದೊಂದು ಮರಕ್ಕೂ ದಾಖಲೆಯ ಬೆಲೆ ಇದೆ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಬೋರ್ಡುಗಳನ್ನು ನೋಡಿ ‘ಅವರಿಗಿದೆ, ನಮಗೇಕಿಲ್ಲ’ ಎನ್ನಬೇಡಿ. ಅದು ಇಲಾಖೆ ತಾನೇ ಮೈಸೂರು ಉದ್ಯಾನ ಕಲಾ ಸಂಘದ ಜೊತೆ ನಡೆಸುವ ಪ್ರದರ್ಶನ.

ಅರ್ಜಿ ಕೊಡಬೇಕಾದ್ದು ತೋಟಗಾರಿಕೆ ಇಲಾಖೆಗೆ: ಕಬ್ಬನ್ ಪಾರ್ಕಿಗಾದರೆ ಅಲ್ಲಿನ ಉಪ ನಿರ್ದೇಶಕರ ಕಚೇರಿ, ಲಾಲ್‌ಬಾಗಿಗಾದರೆ ತೋಟದೊಳಗೇ ಇರುವ ಇಲಾಖೆಯ ಕಚೇರಿ. ಹತ್ತಿಪ್ಪತ್ತು ಜನ ಚಾಪೆ ಹಾಸಿ ಓದುವ ಗುಂಪಿಗೆ ಬೋರ್ಡಿನ ಅಗತ್ಯ ನಿಜಕ್ಕೂ ಇದೆಯೇ ಯೋಚಿಸಿ. ಗುರುತಿಗೆ ಒಬ್ಬರು ಕೈಯಲ್ಲಿ ಒಂದು ಕೆಂಪು ಛತ್ರಿ ಹಿಡಿದು ನಿಂತರೆ ಅರ್ಧ ಫರ್ಲಾಂಗಿಗೆ ಕಾಣುತ್ತದೆ.

ಅನುಮತಿ ಸಿಕ್ಕ ಮೇಲೆ ಚುನಾವಣೆ ಘೋಷಣೆ ಆಯ್ತು. ಈಗ?

ಮಾದರಿ ನೀತಿ ಸಂಹಿತೆ ಬಂದ ಮೇಲೆ ಸರ್ಕಾರಿ ಆಸ್ತಿಯ ಮೇಲಿನ ಬ್ಯಾನರ್, ಪೋಸ್ಟರುಗಳನ್ನು 24 ಗಂಟೆಯೊಳಗೆ, ಇತರ ಸಾರ್ವಜನಿಕ ಜಾಗಗಳಲ್ಲಿ 48 ಗಂಟೆಯೊಳಗೆ ತೆಗೆಸುತ್ತಾರೆ. ಇದು ರಾಜಕೀಯದ ಬ್ಯಾನರಿಗಾಗಿ ಇರುವ ಏರ್ಪಾಡು. ಆದರೆ ತೆಗೆಯಲು ಬಂದ ಸಿಬ್ಬಂದಿ ಒಂದೊಂದನ್ನೂ ಓದುತ್ತ ನಿಲ್ಲುವುದಿಲ್ಲ. ಅನುಮತಿ ಕೊಟ್ಟ ಕಚೇರಿಗೆ ಮರುದಿನವೇ ಹೋಗಿ ಅದು ಊರ್ಜಿತದಲ್ಲಿದೆಯೇ ಎಂದು ಬರೆಸಿಕೊಳ್ಳಿ. ಬ್ಯಾನರಿನಲ್ಲಿ ಶಾಸಕರ, ಮಾಜಿ ಕಾರ್ಪೊರೇಟರ ಫೋಟೋ, ಪಕ್ಷದ ಬಣ್ಣ, ಚಿಹ್ನೆ ಇದ್ದರೆ ಅದನ್ನು ಹಾಕುವ ಯೋಚನೆಯನ್ನೇ ಬಿಡಿ.

ಬೋರ್ಡಿನ ಪರ್ಮಿಷನ್‌ನಲ್ಲೇ ಮೈಕೂ ಸೇರುತ್ತಾ?

ಇಲ್ಲ. ಧ್ವನಿವರ್ಧಕಕ್ಕೆ ನಿಮ್ಮ ವ್ಯಾಪ್ತಿಯ ಪೊಲೀಸರಿಂದ ಬೇರೆ ಅನುಮತಿ ಪಡೆಯಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ.

ಪಾರ್ಕಿನ ಮರ ಕಡಿಯೋದರ ವಿರುದ್ಧ ಅದೇ ಪಾರ್ಕಲ್ಲಿ ಫಲಕ ಹಿಡಿದು ನಿಲ್ಲಬಹುದಾ?

ಬೆಂಗಳೂರಿನಲ್ಲಿ ಪ್ರತಿಭಟನೆಗೆ ಬೇರೆ ನಿಯಮ. 2021ರ ಆದೇಶದ ಪ್ರಕಾರ ಪ್ರತಿಭಟನೆ, ಧರಣಿಗೆ ಗೊತ್ತುಪಡಿಸಿದ ಜಾಗ ಫ್ರೀಡಂ ಪಾರ್ಕ್, ಅದಕ್ಕೂ ಪೊಲೀಸರ ಅನುಮತಿ ಬೇಕು. ಬಡಾವಣೆಯ ಪಾರ್ಕಿನಲ್ಲಿ ಬೋರ್ಡಿನ ಅನುಮತಿ ಪಡೆದು ಅದನ್ನು ಪ್ರತಿಭಟನೆಗೆ ಬಳಸಿದರೆ ಮುಂದಿನ ಸಲ ಮಕ್ಕಳ ಕಾರ್ಯಕ್ರಮಕ್ಕೂ ಬಾಗಿಲು ಮುಚ್ಚುತ್ತದೆ. ಮರ ಕಡಿಯುವ ಪ್ರಸ್ತಾವಕ್ಕೆ ಆಕ್ಷೇಪಣೆಯನ್ನು ವೃಕ್ಷಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಮರದ ಫೋಟೋ, ಸುತ್ತಳತೆ, ನಿಂತಿರುವ ಜಾಗ ಸೇರಿಸಿದ ಇಂಥ ಪತ್ರಕ್ಕೆ ಫಲಕಕ್ಕಿಂತ ಹೆಚ್ಚು ತೂಕ.

ಪರ್ಮಿಷನ್ ಇದ್ರೂ ಬ್ಯಾನರ್ ಕಿತ್ಕೊಂಡು ಹೋದ್ರು. ಏನ್ ಮಾಡೋದು?

ತೆಗೆಯಲು ಬಂದವರಿಗೆ ನಿಮ್ಮ ಬಳಿ ಕಾಗದ ಇದೆ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ ಅನ್ನಿಸುತ್ತದೆ. ಬ್ಯಾನರಿನ ಕೆಳಮೂಲೆಯಲ್ಲಿ ಆದೇಶದ ಸಂಖ್ಯೆ, ದಿನಾಂಕ, ಎಂದಿನಿಂದ ಎಂದಿನವರೆಗೆ ಎಂದು ಬರೆಸಿ. ಆದೇಶದ ಜೆರಾಕ್ಸ್ ಪ್ರತಿ ಸ್ಥಳದಲ್ಲಿರುವ ಜವಾಬ್ದಾರರ ಜೇಬಿನಲ್ಲಿರಲಿ, ಒಂದನ್ನು ಪಾರ್ಕಿನ ವಾಚ್‌ಮನ್‌ಗೂ ಕೊಡಿ. ಈಗಾಗಲೇ ಒಯ್ದಿದ್ದರೆ ಜಗಳಕ್ಕೆ ಹೋಗದೆ, ವಾರ್ಡ್ ಆಫೀಸಿನಲ್ಲಿ ಆದೇಶ ತೋರಿಸಿ ವಾಪಸು ಕೇಳಿ. ಆದರೆ ಅಳತೆ, ಜಾಗ ಅಥವಾ ಸಮಯ ಆದೇಶದಲ್ಲಿ ಇದ್ದಂತೆ ಇತ್ತೇ ಎಂದು ಮೊದಲು ನೋಡಿಕೊಳ್ಳಿ. 6×3 ಎಂದು ಪಡೆದು 10×4 ಕಟ್ಟಿದ್ದರೆ ಆ ಅನುಮತಿ ನಿಮ್ಮ ಬ್ಯಾನರಿಗೆ ಸೇರಿದ್ದೇ ಅಲ್ಲ.

ಮುಗಿದ ಮೇಲೆ ಎಷ್ಟು ಹೊತ್ತಿಗೆ ತೆಗೀಬೇಕು? ಠೇವಣಿ ವಾಪಸ್ ಬರೋದು ಹೇಗೆ?

ಆದೇಶದಲ್ಲಿ ಬರೆದ ಸಮಯಕ್ಕೆ, ಹೆಚ್ಚೆಂದರೆ ಅಂದು ಸಂಜೆಯೊಳಗೆ. ತೆಗೆಯುವ ಕೆಲಸವನ್ನು ಕಟ್ಟಿದವರಿಗೇ ವಹಿಸಿ, ಯಾವ ಗಂಟು ಎಲ್ಲಿದೆ ಎಂದು ಅವರಿಗೆ ಗೊತ್ತು. ಬೆಳಿಗ್ಗೆ ಬೋರ್ಡು ಇಡುವ ಮೊದಲು ಆ ಜಾಗದ ಒಂದು ಫೋಟೋ, ತೆಗೆದ ಮೇಲೆ ಅದೇ ಕೋನದಿಂದ ಇನ್ನೊಂದು ತೆಗೆಯಿರಿ. ಮುರಿದ ಬೆಂಚು, ಒಣಗಿದ ಹುಲ್ಲು ನಿಮಗಿಂತ ಮುಂಚೆಯೇ ಇತ್ತು ಎನ್ನಲು ಮೊದಲ ಫೋಟೋ ಬೇಕಾಗುತ್ತದೆ. ಕಟ್ಟಿದ ದಾರಗಳ ಎಣಿಕೆ ಬರೆದಿಟ್ಟುಕೊಳ್ಳಿ: 24 ಕಟ್ಟಿದ್ದರೆ 24 ತುಂಡೂ ಚೀಲಕ್ಕೆ ಬರಬೇಕು. ಗ್ರಿಲ್ಲಿನ ಮೇಲೆ ಉಳಿದ ಸೆಲ್ಲೋಟೇಪು, ಹುಲ್ಲಿನೊಳಗೆ ಬಿದ್ದ ಗುಂಡುಸೂಜಿ ಹುಡುಕಲು ಇಬ್ಬರು ಮಕ್ಕಳಿಗೆ ಹೇಳಿ, ಅವರ ಕಣ್ಣು ಚುರುಕು.

ಮರುದಿನ ಎರಡೂ ಫೋಟೋ, ಆದೇಶದ ಪ್ರತಿ, ಠೇವಣಿ ರಸೀದಿ, ಸಂಘದ ಬ್ಯಾಂಕ್ ಖಾತೆಯ ವಿವರ ಸೇರಿಸಿ ಮರುಪಾವತಿಗೆ ಒಂದು ಪತ್ರ ಕೊಡಿ, ಅದಕ್ಕೂ ಸ್ವೀಕೃತಿ ಮೊಹರು ಪಡೆಯಿರಿ. ಪತ್ರ ಕೊಡದೆ ಠೇವಣಿ ತಾನಾಗಿ ಬರುವುದಿಲ್ಲ. ಬಟ್ಟೆಯ ಬ್ಯಾನರನ್ನು ಒದ್ದೆಯಿದ್ದಂತೆ ಮಡಚಬೇಡಿ, ಎರಡೇ ದಿನಕ್ಕೆ ಕಪ್ಪು ಚುಕ್ಕೆ ಏಳುತ್ತದೆ. ನೆರಳಲ್ಲಿ ಒಣಗಿಸಿ, ದಿನಾಂಕದ ಪಟ್ಟಿಯ ಟಾಕಿ ಬಿಚ್ಚಿ, ಲಾಡಿಗಳನ್ನು ಒಳಗೆ ಸೇರಿಸಿ ಸುರುಳಿ ಸುತ್ತಿಡಿ.